ಉದುರಿಸಿದ ಆರನೇ ಬೆರಳು: ದಾವಣಗೆರೆ ಕಡೆಯ ಒಂದು ಪ್ರಕರಣ

ಈ ಪ್ರಕರಣವನ್ನು ಬರೆಯಲು ಹುಡುಗನ ತಂದೆ ತಾಯಿ ಒಪ್ಪಿಗೆ ಕೊಟ್ಟಿದ್ದಾರೆ. ಹುಡುಗನನ್ನೂ ಕೇಳಿದ್ದೇನೆ. ಗುರುತು ಸಿಗಬಾರದು ಅಂತ ಊರು, ವಯಸ್ಸು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ರೋಗದ ಲಕ್ಷಣಗಳನ್ನೂ ನಾವು ತೆಗೆದುಕೊಂಡ ತೀರ್ಮಾನಗಳನ್ನೂ ಬದಲಿಸಿಲ್ಲ. ತಾಲ್ಲೂಕು ಆಸ್ಪತ್ರೆಗಳ ಕಿರಿಯ ವೈದ್ಯರು, ನರ್ಸ್‌ಗಳು, ಆಶಾ ಕಾರ್ಯಕರ್ತೆಯರು, ಶಾಲೆಯ ಮೇಷ್ಟ್ರುಗಳು ಇದನ್ನು ಓದಲಿ ಅನ್ನೋದು ನನ್ನ ಆಸೆ. ಇಂಥ ಮಗು ಮೊದಲು ಕಣ್ಣಿಗೆ ಬೀಳುವುದು ಅವರಿಗೇ.

ಹಿನ್ನೆಲೆ

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಗಡಿಯ ಒಂದು ಹಳ್ಳಿ. ಮಳೆ ನಂಬಿದ ಬೇಸಾಯ. ಹೊಲದಲ್ಲಿ ಮೆಕ್ಕೆಜೋಳ, ಒಂದು ಮೂಲೆಯಲ್ಲಿ ಈರುಳ್ಳಿ. ಹುಡುಗನಿಗೆ ಆಗ 13 ವರ್ಷ. ಮೇಲೆ 19 ವರ್ಷದ ಅಕ್ಕ, ಕೆಳಗೆ ಐದು ವರ್ಷದ ತಂಗಿ. ತಾಯಿ ಮದುವೆಯಾದದ್ದು ಸ್ವಂತ ಸೋದರತ್ತೆಯ ಮಗನನ್ನು. ಹಾಗಾಗಿ ಮನೆಯಲ್ಲಿರುವ ಅಜ್ಜಿ ತಾಯಿಗೆ ಅತ್ತೆಯೂ ಹೌದು, ಅಪ್ಪನ ಅಕ್ಕನೂ ಹೌದು. ನಮ್ಮ ಕಡೆ ಇದೇನೂ ಅಪರೂಪವಲ್ಲ. ಹೊಲ ಹಂಚಿಹೋಗಬಾರದು, ಹೆಣ್ಣುಮಗಳು ಗೊತ್ತಿದ್ದ ಮನೆಯಲ್ಲೇ ಇರಲಿ ಅಂತ ಸಂಬಂಧದೊಳಗೇ ಕೊಟ್ಟು ತರುವುದು ಹಿಂದಿನಿಂದ ನಡೆದು ಬಂದದ್ದು.

ಹುಡುಗ ಹುಟ್ಟಿದಾಗ ತೂಕ ಚೆನ್ನಾಗಿತ್ತು. ನಡೆದದ್ದು, ಮಾತಾಡಿದ್ದು ಸ್ವಲ್ಪ ತಡ. ಎರಡು ವರ್ಷ ತುಂಬುವ ಹೊತ್ತಿಗೆ ಮೈ ತುಂಬಿಕೊಂಡಿತು. ‘ಗುಂಡಗೆ ಮುದ್ದಾಗಿದಾನೆ’ ಅಂತ ಎಲ್ಲರೂ ಎತ್ತಿ ಆಡಿಸಿದರು. ಶಾಲೆಗೆ ಸೇರಿದ ಮೇಲೆ ಮುದ್ದು ಹೋಗಿ ಬೈಗುಳ ಶುರುವಾಯಿತು. ಓದು ಹತ್ತುತ್ತಿಲ್ಲ. ಬೋರ್ಡು ನೋಡಿ ಬರೆಯಲ್ಲ. ಆಟದಲ್ಲಿ ಎಲ್ಲರಿಗೂ ಡಿಕ್ಕಿ ಹೊಡೆಯುತ್ತಾನೆ. ಎಷ್ಟು ತಿಂದರೂ ಇನ್ನೂ ಬೇಕು ಅನ್ನುತ್ತಾನೆ.

ನಾನು ನೋಡಿದಾಗ ಅವನ ಎತ್ತರ 146 ಸೆಂಟಿಮೀಟರ್, ತೂಕ 68 ಕಿಲೋ.

ಒಬ್ಬೊಬ್ಬರು ಒಂದೊಂದು ನೋಡಿದರು

ಹುಡುಗನಿಗೆ ಯಾರೂ ಏನೂ ಮಾಡಿರಲಿಲ್ಲ ಅಂತಲ್ಲ. ಮನೆಯವರು ತಂದ ಪ್ಲಾಸ್ಟಿಕ್ ಕವರ್ ತುಂಬ ಚೀಟಿಗಳಿದ್ದವು. ಅವನ್ನು ವರ್ಷದ ಪ್ರಕಾರ ಜೋಡಿಸಿ ಓದಿದರೆ, ಪ್ರತಿಯೊಬ್ಬರೂ ತಮ್ಮ ಮುಂದೆ ಬಂದ ತೊಂದರೆಗೆ ಸರಿಯಾದ ಮೊದಲ ಹೆಜ್ಜೆಯನ್ನೇ ಇಟ್ಟಿದ್ದರು.

ಏಳೆಂಟು ವರ್ಷದಲ್ಲಿ ಸಂಜೆ ಕಣ್ಣು ಕಾಣುವುದಿಲ್ಲ ಅಂದಾಗ ಇರುಳುಗುರುಡು ಅಂತ ವಿಟಮಿನ್ ಎ ಕೊಟ್ಟರು. ಮಕ್ಕಳಲ್ಲಿ ಮೊದಲು ಯೋಚಿಸಬೇಕಾದ್ದು ಅದೇ. ಆದರೆ ವಿಟಮಿನ್ ಕೊರತೆಯಿಂದ ಬಂದ ಇರುಳುಗುರುಡು ಔಷಧಿ ಕೊಟ್ಟ ಕೆಲವೇ ದಿನಗಳಲ್ಲಿ ಸುಧಾರಿಸುತ್ತದೆ. ಇವನದು ಸುಧಾರಿಸಲಿಲ್ಲ. ಸುಧಾರಿಸಲಿಲ್ಲ ಅಂತ ಹೇಳಲು ಮನೆಯವರು ವಾಪಸ್ ಹೋಗಲೂ ಇಲ್ಲ. ಆಮೇಲೆ ಕನ್ನಡಕ ಬಂತು, ಎರಡು ಸಲ ನಂಬರ್ ಬದಲಾಯಿತು.

ತೂಕಕ್ಕೆ ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಸರಿಯಾಗಿತ್ತು. ‘ಮಂಡಕ್ಕಿ ಮೆಣಸಿನಕಾಯಿ ಕೊಡಿಸೋದು ಬಿಡಿ, ಆಟಕ್ಕೆ ಕಳಿಸಿ’ ಅಂದರು. ತಾಯಿ ಅನ್ನ ಕಡಿಮೆ ಮಾಡಿ ಅಡುಗೆಮನೆಗೆ ಬೀಗ ಹಾಕಿದರು. ಹುಡುಗ ಪಕ್ಕದ ಮನೆಗೆ ಹೋಗಿ ಕೇಳಿ ತಿಂದ. ಅದು ಊರಲ್ಲೆಲ್ಲ ಮಾತಾಯಿತು.

ರಾತ್ರಿ ಮೂರು ನಾಲ್ಕು ಸಲ ಎದ್ದು ಮೂತ್ರಕ್ಕೆ ಹೋಗುತ್ತಾನೆ, ಚೊಂಬುಗಟ್ಟಲೆ ನೀರು ಕುಡಿಯುತ್ತಾನೆ ಅಂದಾಗ ಸಕ್ಕರೆ ಕಾಯಿಲೆ ಇರಬಹುದು ಅಂತ ರಕ್ತ ನೋಡಿದರು. ಸಕ್ಕರೆ ಇರಲಿಲ್ಲ. ಅಲ್ಲಿಗೆ ಆ ವಿಷಯ ಮುಗಿಯಿತು. ಮೊಣಕಾಲು ನೋವಿಗೆ ಮೆಡಿಕಲ್ ಸ್ಟೋರಿನ ನೋವಿನ ಗುಳಿಗೆ ಬಂತು. ಶಾಲೆಗೆ ನಡೆದು ಹೋದ ದಿನವೆಲ್ಲ ಒಂದು.

ಕೊನೆಗೆ ಶಾಲೆಗೆ ಬಂದ ಆರ್‌ಬಿಎಸ್‌ಕೆ ತಂಡ ಅವನನ್ನು ಕಣ್ಣಿನ ತಜ್ಞರ ಹತ್ತಿರ ಕಳಿಸಿತು. ಮಕ್ಕಳ ಆರೋಗ್ಯ ತಪಾಸಣೆಯ ಈ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 2013ರಲ್ಲಿ. ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲೇ ನೋಡುತ್ತಾರೆ. ಕಣ್ಣಿನ ಹಿಂಭಾಗ ನೋಡಿದ ತಜ್ಞರು ರೆಟಿನಾ ಸವೆಯುತ್ತಿದೆ, ರೆಟಿನೈಟಿಸ್ ಪಿಗ್ಮೆಂಟೋಸಾ ಅಂತ ಬರೆದರು. ಚೀಟಿಯ ಕೆಳಗೆ ಒಂದು ಸಾಲು ಸೇರಿಸಿದರು: ‘ಮಗು ತುಂಬಾ ದಪ್ಪ ಇದೆ, ಮಕ್ಕಳ ವೈದ್ಯರು ಒಮ್ಮೆ ನೋಡಲಿ’. ಆ ಸಾಲು ಬರೆಯದೆ ಇದ್ದಿದ್ದರೆ ಹುಡುಗ ನನ್ನ ಹತ್ತಿರ ಬರುತ್ತಲೇ ಇರಲಿಲ್ಲ.

ಬಲಗೈಯ ಅಂಚು

ದಪ್ಪ, ಇರುಳುಗುರುಡು, ಕಲಿಕೆಯ ತೊಂದರೆ. ಈ ಮೂರೂ ಒಂದೇ ಮಗುವಿನಲ್ಲಿ ಕಂಡರೆ ಬೆರಳು ಎಣಿಸಬೇಕು. ಎಣಿಸಿದೆ. ಎರಡೂ ಕೈಯಲ್ಲಿ ಐದೈದೇ ಇದ್ದವು. ಚಿಕ್ಕವು, ಮೋಟು. ಆದರೆ ಬಲಗೈ ಕಿರುಬೆರಳಿನ ಬುಡದಲ್ಲಿ, ಅಂಗೈಯ ಹೊರ ಅಂಚಿಗೆ, ಮೂರು ಮಿಲಿಮೀಟರಿನ ಒಂದು ಗಂಟು ಕೈಗೆ ಸಿಕ್ಕಿತು. ಬೆಳ್ಳಗೆ, ನುಣ್ಣಗೆ. ಒತ್ತಿದರೆ ಹುಡುಗ ಕೈ ಎಳೆದುಕೊಂಡ. ಎಡಗೈಯಲ್ಲಿ ಅದೇ ಜಾಗದಲ್ಲಿ ಸಣ್ಣ ಕಲೆ.

ತಾಯಿಯನ್ನು ಕೇಳಿದರೆ, ‘ಹುಟ್ಟಿದಾಗಿಂದ ಹಂಗೇ ಐತಿ ಮೇಡಂ’ ಅಂದರು. ಹೆರಿಗೆಯಾದಾಗ ಅವರಿಗೆ ಜ್ವರ ಬಂದು ವಾರಗಟ್ಟಲೆ ಎಚ್ಚರವೇ ಸರಿಯಾಗಿ ಇರಲಿಲ್ಲವಂತೆ. ಮಗುವನ್ನು ನೋಡಿಕೊಂಡದ್ದು ಅಜ್ಜಿ. ಅಜ್ಜಿ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಒಳಗೆ ಕರೆಸಿದೆವು.

‘ಅಜ್ಜಿ, ಮೊಮ್ಮಗ ಹುಟ್ಟಿದಾಗ ಕೈಗೆ ಆರು ಬೆರಳು ಇದ್ವಾ?’

ಅಜ್ಜಿ ಸೊಸೆಯ ಮುಖ ನೋಡಿದರು. ‘ಇದ್ವು. ಬರೇ ತೊಗಲಿನಾಗ ಜೋತಾಡ್ತಿದ್ವು ಅಷ್ಟೇ. ನೂಲು ಕಟ್ಟಿದೆ, ಎಂಟು ದಿನಕ್ಕೆ ಒಣಗಿ ಉದುರಿದ್ವು. ಇವಳಿಗೆ ಯಾಕೆ ಹೇಳಿ ಹೆದರಿಸೋದು ಅಂತ ಸುಮ್ನಾದೆ.’

ಪ್ರಕರಣ ತಿರುಗಿದ್ದು ಇಲ್ಲಿ. ಆಮೇಲೆ ಶೂ ಸಾಕ್ಸ್ ಬಿಚ್ಚಿಸಿದೆವು. ಎಡಗಾಲಿನಲ್ಲಿ ಆರನೇ ಬೆರಳು ಇನ್ನೂ ಇತ್ತು, ಕಿರುಬೆರಳಿಗೆ ಅಂಟಿಕೊಂಡು. ಕಾಲಿಗೆ ತಾನೇ, ಯಾರಿಗೂ ಕಾಣಲ್ಲ ಅಂತ ಅದನ್ನು ಬಿಟ್ಟಿದ್ದರು. ಚೀಟಿಗಳ ಕವರಿನಲ್ಲಿ ಎಲ್ಲೂ ಈ ವಿಷಯ ಬಂದಿರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ. ಹೆಚ್ಚುವರಿ ಬೆರಳನ್ನು ತೆಗೆದ ಮೇಲೆ ಅದು ರೋಗದ ಇತಿಹಾಸದಿಂದಲೂ ಹೋಗಿಬಿಡುತ್ತದೆ. ಹಾಗಾಗಿ ‘ಆರು ಬೆರಳು ಇದೆಯಾ’ ಅಂತ ಕೇಳಿದರೆ ಸಾಲದು. ‘ಹುಟ್ಟಿದಾಗ ಇತ್ತಾ, ಕಟ್ಟಿದರಾ, ತೆಗೆಸಿದರಾ’ ಅಂತ ಕೇಳಬೇಕು. ಬಾಣಂತನ ಮಾಡಿದವರನ್ನೇ ಕೇಳಬೇಕು.

ಉಳಿದದ್ದು ಒಂದಾದ ಮೇಲೊಂದು ಬಂತು. ಗಂಡುಮಕ್ಕಳನ್ನು ಪೂರ್ತಿ ಪರೀಕ್ಷೆ ಮಾಡಲು ಮನೆಯವರೂ ನಾಚುತ್ತಾರೆ, ನಾವೂ ಅವಸರದಲ್ಲಿ ಬಿಟ್ಟುಬಿಡುವ ಸಂಭವ ಜಾಸ್ತಿ. ಪರದೆ ಹಾಕಿ, ತಂದೆಯನ್ನು ಮಾತ್ರ ಜೊತೆಗಿಟ್ಟುಕೊಂಡು ನೋಡಿದೆ. ಜನನಾಂಗ ವಯಸ್ಸಿಗೆ ತಕ್ಕಂತೆ ಬೆಳೆದಿರಲಿಲ್ಲ. ಬಾಯಲ್ಲಿ ಹಲ್ಲು ಒತ್ತೊತ್ತಾಗಿದ್ದವು. ವಾಸನೆಯ ಬಗ್ಗೆ ಕೇಳಿದಾಗ ತಾಯಿ, ‘ಒಲೆ ಪಕ್ಕದಾಗೇ ಕೂತಿರ್ತಾನೆ, ಹಾಲು ಸೀದು ಹೋದ್ರೂ ಗೊತ್ತಾಗಲ್ಲ. ಬೇಜವಾಬ್ದಾರಿ ಅಂತ ಬೈತಿದ್ದೆ’ ಅಂದರು.

ಇದು ಬಾರ್ಡೆಟ್–ಬೀಡಲ್ ಸಿಂಡ್ರೋಮ್. 1920ರಲ್ಲಿ ಬಾರ್ಡೆಟ್, 1922ರಲ್ಲಿ ಬೀಡಲ್ ಬೇರೆ ಬೇರೆಯಾಗಿ ವಿವರಿಸಿದ ಕಾಯಿಲೆ. ರೆಟಿನಾ ಸವೆತ, ಹೆಚ್ಚುವರಿ ಬೆರಳು, ಬೊಜ್ಜು, ಕಲಿಕೆಯ ತೊಂದರೆ, ಗಂಡುಮಕ್ಕಳಲ್ಲಿ ಜನನಾಂಗದ ಕುಂಠಿತ ಬೆಳವಣಿಗೆ, ಕಿಡ್ನಿಯ ದೋಷ. ಈ ಆರು ಮುಖ್ಯ ಲಕ್ಷಣಗಳಲ್ಲಿ ನಾಲ್ಕು ಇದ್ದರೆ ಕಾಯಿಲೆ ಅಂತ ಒಪ್ಪುತ್ತಾರೆ. ಮೂರೇ ಇದ್ದರೆ ಜೊತೆಗೆ ಸಣ್ಣ ಲಕ್ಷಣಗಳು ಎರಡಾದರೂ ಇರಬೇಕು. ಇವನಲ್ಲಿ ಕಿಡ್ನಿ ನೋಡುವ ಮೊದಲೇ ಐದು ಸಿಕ್ಕಿದ್ದವು.

ಇಷ್ಟೆಲ್ಲಾ ಒಂದೇ ಕಾರಣದಿಂದ ಹೇಗೆ?

ಈ ಪ್ರಶ್ನೆ ಕೇಳಿದ್ದು ತಂದೆ. ‘ಕಣ್ಣಿಗೂ ಬೆರಳಿಗೂ ಹೊಟ್ಟೆಗೂ ಎತ್ತಣ ಸಂಬಂಧ ಮೇಡಂ?’ ನ್ಯಾಯವಾದ ಪ್ರಶ್ನೆ. ವಿಜ್ಞಾನಕ್ಕೂ ಇದಕ್ಕೆ ಉತ್ತರ ಸಿಗಲು 2000ನೇ ಇಸವಿ ದಾಟಬೇಕಾಯಿತು.

ನಮ್ಮ ಮೈಯ ಹೆಚ್ಚುಕಡಿಮೆ ಎಲ್ಲಾ ಬಗೆಯ ಜೀವಕೋಶಗಳಿಂದಲೂ ಒಂದೊಂದು ಸಣ್ಣ ಎಳೆ ಹೊರಚಾಚಿರುತ್ತದೆ. ಇದು ಸಿಲಿಯಾ. ಉದ್ದ ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗ. ಶ್ವಾಸನಾಳದಲ್ಲಿ ಕಫ ತಳ್ಳುವ ಸಿಲಿಯಾ ಬೇರೆ, ಅವು ಗುಂಪಾಗಿರುತ್ತವೆ, ಬಡಿಯುತ್ತವೆ. ಇಲ್ಲಿ ಹೇಳುತ್ತಿರುವುದು ಅಲ್ಲಾಡದೆ ಒಂಟಿಯಾಗಿ ನಿಂತ ಸಿಲಿಯಾ. ಬಹಳ ಕಾಲ ಇದಕ್ಕೆ ಕೆಲಸವೇ ಇಲ್ಲ ಅಂತ ತಿಳಿದಿದ್ದರು.

ಕೋಶದೊಳಗೆ ವಿಭಜನೆಗೆ ನೆರವಾಗುವ ಸೆಂಟ್ರಿಯೋಲ್ ಅನ್ನುವ ಸಣ್ಣ ಭಾಗಗಳಿರುತ್ತವೆ. ಕೋಶ ವಿಭಜನೆಯಾಗದೆ ನಿಂತಾಗ ಅವುಗಳಲ್ಲಿ ಒಂದು ಮೇಲಕ್ಕೆ ಬಂದು ಕೋಶದ ಪೊರೆಗೆ ಕಚ್ಚಿಕೊಳ್ಳುತ್ತದೆ. ಅದೇ ಸಿಲಿಯಾದ ಬುಡ. ಬುಡದಿಂದ ಒಂಬತ್ತು ಜೋಡಿ ಸಣ್ಣ ಕೊಳವೆಗಳು ಮೇಲೆ ಬೆಳೆಯುತ್ತವೆ. ಕೋಶ ಮತ್ತೆ ವಿಭಜನೆಗೆ ಹೊರಟಾಗ ಸಿಲಿಯಾ ಕರಗುತ್ತದೆ, ಸೆಂಟ್ರಿಯೋಲ್ ಆ ಕೆಲಸಕ್ಕೆ ಮರಳುತ್ತದೆ. ಸಿಲಿಯಾದೊಳಗೆ ಪ್ರೋಟೀನ್ ತಯಾರಾಗುವುದಿಲ್ಲ. ಬೇಕಾದ್ದೆಲ್ಲ ಬುಡದಿಂದ ತುದಿಗೆ ಹೊತ್ತೊಯ್ಯಬೇಕು, ಬೇಡವಾದ್ದನ್ನು ವಾಪಸ್ ತರಬೇಕು. ಈ ಓಡಾಟವನ್ನು ಮೊದಲು ಕಂಡದ್ದು 1993ರಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರೋಸೆನ್‌ಬಾಮ್ ಅವರ ಪ್ರಯೋಗಾಲಯದಲ್ಲಿ, ಕ್ಲಾಮಿಡೊಮೊನಾಸ್ ಅನ್ನುವ ಒಂದೇ ಕೋಶದ ಪಾಚಿಯಲ್ಲಿ. 2000ದಲ್ಲಿ ಗೊತ್ತಾಯಿತು, ಪಾಚಿಯ ಈ ಸಾಗಣೆಗೆ ಬೇಕಾದ ಒಂದು ಜೀನ್ ಇಲಿಯಲ್ಲಿ ಕೆಟ್ಟರೆ ಸಿಲಿಯಾ ಗಿಡ್ಡವಾಗಿ ಕಿಡ್ನಿ ತುಂಬ ನೀರುಗುಳ್ಳೆ ಏಳುತ್ತವೆ ಅಂತ. ಪಾಚಿ ನೋಡುತ್ತಿದ್ದವರೂ ಕಿಡ್ನಿ ನೋಡುತ್ತಿದ್ದವರೂ ಅಲ್ಲಿಂದ ಒಂದೇ ವಿಷಯ ಮಾತಾಡತೊಡಗಿದರು. ನನಗೆ ಈ ಕತೆ ಎಷ್ಟು ಸಲ ಹೇಳಿದರೂ ಸಾಕಾಗುವುದಿಲ್ಲ.

2003ರಲ್ಲಿ ಎರಡು ವಿಷಯ ಹೊರಬಂದವು. ಒಂದು, ಬಾರ್ಡೆಟ್–ಬೀಡಲ್ ಕಾಯಿಲೆಯ ಒಂದು ಪ್ರೋಟೀನ್ ಇರುವುದು ಸಿಲಿಯಾದ ಬುಡದಲ್ಲಿ. ಇನ್ನೊಂದು, ಭ್ರೂಣಕ್ಕೆ ಆಕಾರ ಕೊಡುವ ಹೆಜ್‌ಹಾಗ್ ಅನ್ನುವ ಸಂದೇಶವನ್ನು ಬೆನ್ನೆಲುಬಿರುವ ಪ್ರಾಣಿಗಳ ಕೋಶ ಓದಬೇಕಾದರೆ ಸಿಲಿಯಾ ಬೇಕೇ ಬೇಕು.

ತಂದೆಗೆ ನಾನು ಹೇಳಿದ್ದು ಅವರಿಗೆ ಗೊತ್ತಿದ್ದ ಎಪಿಎಂಸಿ ಯಾರ್ಡಿನ ಲೆಕ್ಕದಲ್ಲಿ. ಸುಗ್ಗಿಯಲ್ಲಿ ಮೆಕ್ಕೆಜೋಳದ ಲಾರಿಗಳು ಯಾರ್ಡಿಗೆ ಬರುತ್ತವೆ. ಖಾಲಿಯಾದ ಲಾರಿ ಹೊರಗೆ ಹೋಗದೆ ಅಲ್ಲೇ ನಿಂತರೆ ಏನಾಗುತ್ತದೆ? ಗೇಟು ಸರಿಯಿದ್ದರೂ ಒಳಗೆ ವ್ಯಾಪಾರ ನಿಲ್ಲುತ್ತದೆ. ಬಿಬಿಎಸೋಮ್ ಅನ್ನುವ ಎಂಟು ಪ್ರೋಟೀನುಗಳ ಗುಂಪು ಮಾಡುವುದು ಇದೇ ಕೆಲಸ, ಸಿಲಿಯಾದೊಳಗಿನ ಪ್ರೋಟೀನುಗಳನ್ನು ಹೊರಗೆ ಸಾಗಿಸುವುದು. ಇವನಲ್ಲಿ ಸಿಲಿಯಾ ಬೆಳೆದಿದೆ. ಒಳಗಿನ ಓಡಾಟ ಕೆಟ್ಟಿದೆ. ಸಿಲಿಯಾ ಬೆಳೆಯುವುದೇ ನಿಂತುಹೋಗುವ ಕಾಯಿಲೆಗಳು ಇನ್ನೂ ಘೋರ, ಅಂಥ ಎಷ್ಟೋ ಮಕ್ಕಳು ಹುಟ್ಟುವವರೆಗೂ ಉಳಿಯುವುದಿಲ್ಲ.

ಈಗ ಅಂಗಗಳಿಗೆ ಬರೋಣ. ಗರ್ಭದ ಎರಡನೇ ತಿಂಗಳಲ್ಲಿ ಕೈ ಮೂಡುವಾಗ ಕಿರುಬೆರಳಿನ ಕಡೆಯಿಂದ ಹೆಜ್‌ಹಾಗ್ ಸಂದೇಶ ಹೊರಡುತ್ತದೆ. ಸಂದೇಶ ಇಲ್ಲದ ಕಡೆ ಗ್ಲಿ3 ಅನ್ನುವ ಪ್ರೋಟೀನ್ ಬೆರಳುಗಳ ಸಂಖ್ಯೆ ಮೀರದಂತೆ ತಡೆಯುತ್ತದೆ. ಆ ತಡೆ ತಯಾರಾಗುವುದು ಸಿಲಿಯಾದ ನೆರವಿನಿಂದ. ತಡೆ ಸಡಿಲವಾದರೆ ಬೆರಳು ಹೆಚ್ಚುತ್ತದೆ. ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶದ ಹೊರಭಾಗವೇ ರೂಪ ಬದಲಿಸಿದ ಸಿಲಿಯಾ. ಮಂದ ಬೆಳಕಿನಲ್ಲಿ ನೋಡುವ ರಾಡ್ ಕೋಶಗಳು ಈ ಭಾಗವನ್ನು ಸುಮಾರು ಹತ್ತು ದಿನಕ್ಕೊಮ್ಮೆ ಪೂರ್ತಿ ಹೊಸದಾಗಿ ಕಟ್ಟಿಕೊಳ್ಳುತ್ತವೆ. ಅಷ್ಟು ಸಾಗಣೆ ಇರುವ ಕಡೆ ಓಡಾಟ ಕೆಟ್ಟರೆ ಕೋಶ ಸಾಯುತ್ತದೆ. ಅದಕ್ಕೇ ಮೊದಲು ಹೋಗುವುದು ಸಂಜೆಯ ನೋಟ. ಮೂಗಿನಲ್ಲಿ ವಾಸನೆ ಹಿಡಿಯುವುದೂ ಸಿಲಿಯಾದ ಮೇಲಿನ ಪ್ರೋಟೀನುಗಳೇ.

ಇನ್ನು ಹಸಿವು. ‘ಹೊಟ್ಟೆ ತುಂಬಿತು, ಸಾಕು’ ಅನ್ನುವ ಸುದ್ದಿಯನ್ನು ಮಿದುಳಿನ ಹೈಪೊಥಲಾಮಸ್‌ನ ಕೋಶಗಳು ಓದಬೇಕು. ಅದಕ್ಕೆ ಬೇಕಾದ ಎಂಸಿ4ಆರ್ ಅನ್ನುವ ಗ್ರಾಹಕ, ಅಂದರೆ ಸುದ್ದಿ ಹಿಡಿಯುವ ಪ್ರೋಟೀನ್, ಕೂತಿರುವುದು ಆ ಕೋಶಗಳ ಸಿಲಿಯಾದ ಮೇಲೆ. ‘ಸಾಕು’ ಅನ್ನುವ ಸುದ್ದಿ ಹೊತ್ತು ಕೊಬ್ಬಿನಿಂದ ಬರುವ ಲೆಪ್ಟಿನ್ ಈ ಮಕ್ಕಳ ರಕ್ತದಲ್ಲಿ ಬೇಕಾದಷ್ಟಿರುತ್ತದೆ, ಅದರ ಸುದ್ದಿ ಮಾತ್ರ ಮಿದುಳಿಗೆ ಮುಟ್ಟುವುದಿಲ್ಲ. ಅಂದರೆ ಹುಡುಗನ ಹಸಿವು ನಿಜವಾದ ಹಸಿವು. ಇದನ್ನು ಹೇಳಿದಾಗ ತಾಯಿ ಅತ್ತರು. ‘ಎಲ್ಲಾರೂ ನನಗೇ ಅಂದ್ರು ಮೇಡಂ, ನೀನೇ ತಿನ್ನಿಸಿ ಕೆಡಿಸಿದಿ ಅಂತ.’ ಅಂದು ನಾವು ಔಷಧಿ ಏನೂ ಬರೆದಿರಲಿಲ್ಲ, ಆದರೂ ಆ ಮನೆಗೆ ಒಂದು ಚಿಕಿತ್ಸೆ ಆಗಿತ್ತು ಅಂತಲೇ ನಾನು ತಿಳಿದಿದ್ದೇನೆ.

ವರದಿಯಲ್ಲಿ ‘ನಾರ್ಮಲ್’ ಅಂತಿದ್ದ ಕಿಡ್ನಿ

ಈ ಕಾಯಿಲೆಯಲ್ಲಿ ಆಯುಸ್ಸು ಕಡಿಮೆ ಮಾಡುವ ದೊಡ್ಡ ಕಾರಣ ಕಿಡ್ನಿ. ಹಾಗಾಗಿ ಜೀನ್ ಪರೀಕ್ಷೆಗೆ ಕಾಯದೆ ಮೊದಲು ಕಿಡ್ನಿ ನೋಡೋಣ ಅಂತ ತೀರ್ಮಾನಿಸಿದೆವು.

ಹಳೆಯ ಚೀಟಿಗಳ ನಡುವೆ ಒಂದು ಕ್ರಿಯಾಟಿನಿನ್ ವರದಿ ಇತ್ತು. ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆ ಅದು. 1.2 ಮಿಲಿಗ್ರಾಂ. ಪಕ್ಕದಲ್ಲಿ ಅಚ್ಚಾಗಿದ್ದ ಮಿತಿಯೊಳಗೇ ಇತ್ತು. ಆ ಮಿತಿ ದೊಡ್ಡವರದು. ಮಕ್ಕಳಲ್ಲಿ ಎತ್ತರ ಸೇರಿಸಿ ಲೆಕ್ಕ ಹಾಕಬೇಕು: ಎತ್ತರವನ್ನು 0.413ರಿಂದ ಗುಣಿಸಿ ಕ್ರಿಯಾಟಿನಿನ್‌ನಿಂದ ಭಾಗಿಸುವುದು. ಇವನಿಗೆ ಬಂದದ್ದು 50. ಇರಬೇಕಾದದ್ದು 90ಕ್ಕಿಂತ ಮೇಲೆ. ನಾವು ಮತ್ತೆ ಮಾಡಿಸಿದಾಗಲೂ ಅಷ್ಟೇ ಬಂತು. ಕಿಡ್ನಿಯ ಅರ್ಧದಷ್ಟು ಶಕ್ತಿ ಹೋಗಿತ್ತು, ಕಾಗದದ ಮೇಲೆ ಯಾವ ಕೆಂಪು ಗುರುತೂ ಇರಲಿಲ್ಲ.

ಬೆಳಗಿನ ಮೊದಲ ಮೂತ್ರ ನೀರಿನಷ್ಟು ತೆಳು. ರಾತ್ರಿ ಎದ್ದೆದ್ದು ನೀರು ಕುಡಿಯುತ್ತಿದ್ದುದು ಇದಕ್ಕೆ. ಕಿಡ್ನಿಗೆ ಮೂತ್ರವನ್ನು ಗಟ್ಟಿ ಮಾಡಿ ನೀರು ಉಳಿಸಿಕೊಳ್ಳುವ ಶಕ್ತಿ ಇರಲಿಲ್ಲ. ‘ರಾತ್ರಿ ನೀರು ಕುಡೀಬೇಡ’ ಅಂತ ಮನೆಯಲ್ಲಿ ಗದರಿಸುತ್ತಿದ್ದರು. ಅಂಥ ಮಗುವಿಗೆ ನೀರು ತಡೆಯುವುದು ಅಪಾಯ. ಸ್ಕ್ಯಾನಿನಲ್ಲಿ ಎರಡೂ ಕಿಡ್ನಿಯ ಅಂಚು ಉಬ್ಬುತಗ್ಗಾಗಿತ್ತು, ಒಳಗೆ ಸಣ್ಣ ನೀರುಗುಳ್ಳೆಗಳಿದ್ದವು.

ಬಿಪಿ ನೋಡಲು ದೊಡ್ಡ ಪಟ್ಟಿ ಹುಡುಕಬೇಕಾಯಿತು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಸುಳ್ಳೇ ಜಾಸ್ತಿ ತೋರಿಸುತ್ತದೆ, ಆಗ ‘ದಪ್ಪ ಇದಾನೆ, ಅದಕ್ಕೇ’ ಅಂತ ಬಿಟ್ಟುಬಿಡುವ ಅಭ್ಯಾಸವೂ ಇದೆ. ಸರಿಯಾದ ಪಟ್ಟಿಯಲ್ಲೂ 138/90 ಬಂತು. ಬೇರೆ ಬೇರೆ ದಿನ ನೋಡಿದರೂ ಇಳಿಯಲಿಲ್ಲ. ಕಿಡ್ನಿ ತಜ್ಞರ ಜೊತೆ ಮಾತಾಡಿ ಬಿಪಿ ಇಳಿಸುವ ಎನಾಲಾಪ್ರಿಲ್ ಶುರು ಮಾಡಿದೆವು, ಪೊಟ್ಯಾಸಿಯಮ್ ಮೇಲೆ ಕಣ್ಣಿಟ್ಟು.

ಎಲ್ಲಕ್ಕಿಂತ ದೊಡ್ಡ ತೀರ್ಮಾನಕ್ಕೆ ಒಂದು ಪೈಸೆ ಖರ್ಚಿರಲಿಲ್ಲ. ಮೊಣಕಾಲಿಗೆ ನುಂಗುತ್ತಿದ್ದ ಡೈಕ್ಲೋಫೆನಾಕ್ ನಿಲ್ಲಿಸಿದೆವು. ಸೊರಗಿದ ಕಿಡ್ನಿಗೆ ಹೋಗುವ ರಕ್ತವನ್ನು ಈ ಬಗೆಯ ಗುಳಿಗೆಗಳು ಇನ್ನೂ ಕಡಿಮೆ ಮಾಡುತ್ತವೆ. ನೋವಾದರೆ ಪ್ಯಾರಾಸಿಟಮಾಲ್ ಸಾಕು ಅಂತ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆವು. ಊರಿನ ಮೆಡಿಕಲ್ ಸ್ಟೋರಿನವರಿಗೂ ಅದರ ಒಂದು ಪ್ರತಿ ಹೋಯಿತು.

ಜೀನ್ ಪರೀಕ್ಷೆ, ಮತ್ತು ಒಂದು ಮದುವೆಯ ಮಾತು

ಕಾಯಿಲೆ ಇದೇ ಅಂತ ನಮಗೆ ಅನುಮಾನ ಇರಲಿಲ್ಲ. ಹಾಗಿದ್ದರೆ ಸಾವಿರಾರು ರೂಪಾಯಿ ಕೊಟ್ಟು ಜೀನ್ ಪರೀಕ್ಷೆ ಯಾಕೆ? ಮೊದಲು ಬೇಡ ಅಂದುಕೊಂಡಿದ್ದೆವು. ಮನಸ್ಸು ಬದಲಾದದ್ದು ಅಜ್ಜಿ ಮಾತಿನ ನಡುವೆ ಆಡಿದ ಒಂದು ಮಾತಿನಿಂದ: ‘ಬರೋ ವೈಶಾಖದಾಗ ದೊಡ್ಡ ಮೊಮ್ಮಗಳನ್ನ ಅವಳ ಸೋದರಮಾವಗೇ ಕೊಡೋದೈತಿ.’

ಬಾರ್ಡೆಟ್–ಬೀಡಲ್ ಬರಬೇಕಾದರೆ ಕೆಟ್ಟ ಜೀನಿನ ಎರಡು ಪ್ರತಿ ಬೇಕು, ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದೇ ಪ್ರತಿ ಇದ್ದವರು ವಾಹಕರು. ಅವರಿಗೆ ಏನೂ ಆಗುವುದಿಲ್ಲ. ಆರೋಗ್ಯವಾಗಿರುವ ಅಕ್ಕ ವಾಹಕಳಾಗಿರುವ ಸಂಭವ ಮೂರರಲ್ಲಿ ಎರಡು. ತಾಯಿಯ ತಮ್ಮನಿಗೆ ಎರಡರಲ್ಲಿ ಒಂದು. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು. ಮೂರನ್ನೂ ಗುಣಿಸಿದರೆ ಹುಟ್ಟುವ ಮಗುವಿಗೆ ಹನ್ನೆರಡರಲ್ಲಿ ಒಂದರಷ್ಟು ಅಪಾಯ. ಉತ್ತರ ಯುರೋಪಿನಲ್ಲಿ ಈ ಕಾಯಿಲೆ ಸುಮಾರು ಒಂದು ಲಕ್ಷ ಅರವತ್ತು ಸಾವಿರ ಜನರಲ್ಲಿ ಒಬ್ಬರಿಗೆ ಬರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಸುಮ್ಮನಿರುವುದು ಸರಿಯಲ್ಲ ಅನ್ನಿಸಿತು. ಇಪ್ಪತ್ತಕ್ಕೂ ಹೆಚ್ಚು ಜೀನುಗಳಲ್ಲಿ ಯಾವುದು ಕೆಟ್ಟರೂ ಈ ಕಾಯಿಲೆ ಬರಬಹುದು. ಮನೆಯವರನ್ನು ಪರೀಕ್ಷಿಸಬೇಕಾದರೆ ಮೊದಲು ಹುಡುಗನಲ್ಲಿ ಯಾವುದು ಅಂತ ಹಿಡಿಯಬೇಕು.

ರಕ್ತ ಬೆಂಗಳೂರಿಗೆ ಹೋಯಿತು. ಬಿಬಿಎಸ್10 ಅನ್ನುವ ಜೀನಿನ ಎರಡೂ ಪ್ರತಿಯಲ್ಲಿ, ಪ್ರೋಟೀನನ್ನು ತುಂಡಾಗಿಸುವ ಒಂದೇ ದೋಷ ಸಿಕ್ಕಿತು. ಬಿಬಿಎಸೋಮ್ ಗುಂಪನ್ನು ಜೋಡಿಸಲು ನೆರವಾಗುವ ಪ್ರೋಟೀನ್ ಇದು. ತಂದೆ ತಾಯಿ ಇಬ್ಬರಲ್ಲೂ ಒಂದೊಂದು ಪ್ರತಿ ಇತ್ತು.

ವರದಿ ಹೇಳುವಾಗ ನಾವು ಇಬ್ಬರನ್ನೂ ಒಟ್ಟಿಗೇ ಕೂರಿಸಿದೆವು. ಇದು ಮುಖ್ಯ. ತಾಯಿಗೆ ಮೊದಲು ಹೇಳಿದರೆ ತಪ್ಪು ತಾಯಿಯದಾಗುತ್ತದೆ. ಕಾಗದದ ಮೇಲೆ ಎರಡು ಗೆರೆ ಎಳೆದು, ಇಬ್ಬರಿಂದಲೂ ಸಮ ಸಮ ಬಂದದ್ದು ಅಂತ ತೋರಿಸಿದೆವು. ‘ನಮ್ಮ ಮನೆತನದಾಗ ಕಣ್ಣಿಲ್ಲದವರು ಯಾರೂ ಇಲ್ಲ’ ಅಂತ ಅಜ್ಜಿ ಎದ್ದು ನಿಂತರು. ಒಂದೇ ಪ್ರತಿ ಇದ್ದವರಿಗೆ ಏನೂ ಆಗಲ್ಲ ಅಜ್ಜಿ, ಅದಕ್ಕೇ ಯಾರಿಗೂ ಗೊತ್ತಾಗಿಲ್ಲ ಅಂದೆ. ಅವರು ಕೂತರು. ಒಪ್ಪಿದರು ಅಂತ ಹೇಳಲಾರೆ.

ಅಕ್ಕನನ್ನು ಬೇರೆಯಾಗಿ ಕರೆದು ಮಾತಾಡಿದೆ. ಅವಳಿಗೆ 19 ತುಂಬಿತ್ತು, ಪರೀಕ್ಷೆ ಬೇಕೋ ಬೇಡವೋ ಅವಳೇ ಹೇಳಬೇಕು. ಅವಳು ಕೇಳಿದ ಪ್ರಶ್ನೆ ಇದು: ‘ಮೊದಲು ಮಾವ ಮಾಡಿಸಲಿ. ಅವರಲ್ಲಿ ಇಲ್ಲ ಅಂದ್ರೆ ನಂದು ಯಾರಿಗೂ ಗೊತ್ತಾಗೋದೇ ಬೇಡ ಅಲ್ವಾ?’ ನಾವು ಹಾಕಿಕೊಂಡಿದ್ದ ಕ್ರಮ ಉಲ್ಟಾ ಇತ್ತು. ಅವಳು ಹೇಳಿದ್ದೇ ಸರಿ. ವಾಹಕಳು ಅನ್ನುವ ಮಾತು ಹೆಣ್ಣುಮಗಳ ಮದುವೆಯ ಮೇಲೆ ಎಷ್ಟು ಭಾರ ಬೀಳುತ್ತದೆ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೊದಲು ಗಂಡಿನದು ನೋಡುವುದು ನ್ಯಾಯ.

ಸೋದರಮಾವ ಮೊದಲು ಒಪ್ಪಲಿಲ್ಲ. ತಿಂಗಳು ಕಳೆದ ಮೇಲೆ ಒಬ್ಬರೇ ಬಂದು ರಕ್ತ ಕೊಟ್ಟರು. ಅವರು ವಾಹಕರು ಅಂತ ಬಂತು. ಅವರೇ ಹುಡುಗನ ಮನೆಗೆ ಹೋಗಿ ಮಾತಾಡಿದರು. ಅಕ್ಕ ಪರೀಕ್ಷೆ ಮಾಡಿಸಿಕೊಳ್ಳಲಿಲ್ಲ, ಈ ಸಂಬಂಧ ಬೇಡ ಅಂದಳು ಅಷ್ಟೇ. ಊರಿಗೆ ‘ಜಾತಕ ಕೂಡಲಿಲ್ಲ’ ಅಂತ ಹೇಳಿದರು. ನಾನು ಅದನ್ನು ತಪ್ಪು ಅನ್ನುವುದಿಲ್ಲ. ಮನೆಯ ಜೀನಿನ ವಿಷಯ ಮನೆಯವರದು.

ಸಂಬಂಧದ ಹೊರಗೆ ಮದುವೆಯಾದರೆ ಇಂಥ ಅಪರೂಪದ ಜೀನು ಇನ್ನೊಬ್ಬರಲ್ಲಿ ಸಿಗುವ ಸಂಭವ ತೀರಾ ಕಡಿಮೆ, ಹಾಗಾಗಿ ಅಕ್ಕನಿಗೆ ತಕ್ಷಣ ಪರೀಕ್ಷೆಯ ಅಗತ್ಯವೂ ಇಲ್ಲ. ಬಸಿರಾದಾಗ ಐದನೇ ತಿಂಗಳ ಸ್ಕ್ಯಾನಿನಲ್ಲಿ ಬೆರಳು, ಕಿಡ್ನಿ ಗಮನವಿಟ್ಟು ನೋಡಬೇಕು ಅಂತ ಬರೆದುಕೊಟ್ಟಿದ್ದೇವೆ.

ಐದು ವರ್ಷದ ತಂಗಿಯ ಪ್ರಶ್ನೆ ಬೇರೆ. ಅವಳಿಗೆ ಹೆಚ್ಚುವರಿ ಬೆರಳಿಲ್ಲ, ಕಿಡ್ನಿ ಸ್ಕ್ಯಾನ್ ಸರಿಯಿತ್ತು. ಆದರೆ ಈ ಕಾಯಿಲೆಯ ಇರುಳುಗುರುಡು ಸಾಮಾನ್ಯವಾಗಿ ಶುರುವಾಗುವುದು ಏಳೆಂಟು ವರ್ಷದಲ್ಲಿ, ಬೇಗ ಗೊತ್ತಾದರೆ ಕಿಡ್ನಿ ಕಾಯಬಹುದು. ಪರೀಕ್ಷೆ ಮಾಡಿಸಿ, ಕಾಯಿಲೆ ಇಲ್ಲ ಅನ್ನೋದಷ್ಟನ್ನೇ ತಂದೆ ತಾಯಿಗೆ ತಿಳಿಸಿದೆವು. ವಾಹಕಳೋ ಅಲ್ಲವೋ ಅನ್ನೋದನ್ನು ಅವಳು ದೊಡ್ಡವಳಾದ ಮೇಲೆ ಅವಳೇ ಬಂದು ಕೇಳಲಿ.

ಎರಡು ವರ್ಷ ಕಳೆದ ಮೇಲೆ

ಹುಡುಗನಿಗೆ ಈಗ 15. ಬಿಪಿ ಹತೋಟಿಯಲ್ಲಿದೆ. ಕಿಡ್ನಿಯ ಲೆಕ್ಕ 50ರ ಆಸುಪಾಸಿನಲ್ಲೇ ನಿಂತಿದೆ, ಇಳಿದಿಲ್ಲ. ಮುಂದೆ ಇಳಿಯಬಹುದು, ಕಿಡ್ನಿ ಕಸಿ ಬೇಕಾಗಬಹುದು ಅಂತ ತಂದೆಗೆ ಈಗಲೇ ಹೇಳಿದ್ದೇವೆ. ಈ ಕಾಯಿಲೆಯಲ್ಲಿ ಕಸಿ ಚೆನ್ನಾಗಿಯೇ ಹಿಡಿಯುತ್ತದೆ.

ತೂಕ ಕಡಿಮೆಯಾಗಿಲ್ಲ, ಏರುವ ವೇಗ ತಗ್ಗಿದೆ. ಅಡುಗೆಮನೆಯ ಬೀಗ ಹಾಗೇ ಇದೆ, ಆದರೆ ಮನೆಯಲ್ಲಿ ಎಲ್ಲರ ತಟ್ಟೆಗೂ ಒಂದೇ ಅಳತೆ, ಒಂದೇ ಹೊತ್ತು. ಅವನೊಬ್ಬನಿಗೆ ಕಡಿಮೆ ಹಾಕುವುದನ್ನು ನಿಲ್ಲಿಸಿದ್ದಾರೆ. ಇದರಿಂದ ಕದ್ದು ತಿನ್ನುವುದು ಕಡಿಮೆಯಾಗಿದೆ. ಈ ಹಸಿವಿಗೆಂದೇ ಸೆಟ್‌ಮೆಲನೊಟೈಡ್ ಅನ್ನುವ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿದೆ. ಕೆಟ್ಟ ಸಂದೇಶವನ್ನು ದಾಟಿ ನೇರವಾಗಿ ಎಂಸಿ4ಆರ್ ಗ್ರಾಹಕವನ್ನೇ ಎಬ್ಬಿಸುವ ಔಷಧಿ ಅದು. ಬೆಲೆ ಈ ಮನೆಯವರ ಕೈಗೆ ಎಟುಕುವಂಥದ್ದಲ್ಲ.

ದೃಷ್ಟಿ ಇಳಿಯುತ್ತಿದೆ. ಅದನ್ನು ನಿಲ್ಲಿಸಲು ನಮ್ಮ ಹತ್ತಿರ ಏನೂ ಇಲ್ಲ. ಅಂಗವಿಕಲರ ಯುಡಿಐಡಿ ಕಾರ್ಡ್ ಮಾಡಿಸಿದೆವು. ಊರು ಬಿಟ್ಟು ಅಂಧ ಮಕ್ಕಳ ವಸತಿ ಶಾಲೆಗೆ ಕಳಿಸಬೇಕಾ ಅನ್ನೋ ಪ್ರಶ್ನೆ ಬಂದಾಗ, ಇನ್ನೂ ಹಗಲು ನೋಟ ಇರುವಾಗ ಗೊತ್ತಿದ್ದ ಶಾಲೆಯಲ್ಲೇ ಇರಲಿ, ಜೊತೆಗೆ ಕೋಲು ಹಿಡಿದು ನಡೆಯುವುದನ್ನೂ ಬ್ರೈಲ್ ಅನ್ನೂ ಕಲಿಯಲಿ ಅಂತ ತೀರ್ಮಾನಿಸಿದೆವು. ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ. ಅದರಿಂದ ಇಡೀ ತರಗತಿಗೆ ಅನುಕೂಲವಾಗಿದೆಯಂತೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಬರೆದುಕೊಡುವವರನ್ನೂ ಹೆಚ್ಚಿನ ಸಮಯವನ್ನೂ ಕೇಳುವ ಅರ್ಜಿ ತಯಾರಾಗಿದೆ.

ಈಚೆಗೆ ಹಲ್ಲು ನೋವು ಬಂದು ಪಕ್ಕದ ಊರಿನ ಮೆಡಿಕಲ್ ಸ್ಟೋರಿಗೆ ಹೋದಾಗ ಅಲ್ಲಿಯವರು ನೋವಿನ ಗುಳಿಗೆ ಕೊಟ್ಟರು. ಹುಡುಗ ಹೆಸರು ಓದಲಾರ. ‘ಡೈಕ್ಲೋ ಇದ್ರೆ ಬ್ಯಾಡ್ರಿ, ನನ್ನ ಕಿಡ್ನಿಗೆ ಆಗಲ್ಲ’ ಅಂತ ತಾನೇ ಹೇಳಿ, ಜೇಬಿನಲ್ಲಿದ್ದ ಹಾಳೆ ತೋರಿಸಿದನಂತೆ. ಪ್ಯಾರಾಸಿಟಮಾಲ್ ತೆಗೆದುಕೊಂಡು ಮರುದಿನ ದಾವಣಗೆರೆಗೆ ಬಂದರು. ದಂತವೈದ್ಯರು ಫೋನ್ ಮಾಡಿ ಕೇಳಿದರು, ಕಿಡ್ನಿಯ ಲೆಕ್ಕ ನೋಡಿಕೊಂಡು ಆ್ಯಂಟಿಬಯಾಟಿಕ್ ಆರಿಸಿ ಕೊಟ್ಟರು, ಒತ್ತಾಗಿ ಬೆಳೆದು ಹುಳುಕಾಗಿದ್ದ ಎರಡು ಹಲ್ಲು ಕಿತ್ತರು.